ಬಿದ್ದು ಮುರಿಯಿತೋ, ಮುರಿದು ಬಿದ್ದರೋ? ಕ್ಯಾನ್ಸರ್ ರೋಗಿಯ ಮೂಳೆ ಮುರಿತ ಮತ್ತು ಡಿಸ್ಚಾರ್ಜ್ ಕಾರ್ಡಿನ ಒಂದು ಸಾಲು

"ಫ್ರ್ಯಾಕ್ಚರ್ ಫೀಮರ್ ಲೆಫ್ಟ್. ಸ್ಲಿಪ್ ಅಂಡ್ ಫಾಲ್ ಅಟ್ ಹೋಮ್. ನೇಲಿಂಗ್ ಡನ್." ಉತ್ತರ ಕನ್ನಡದ ಯಾವ ಊರಿನಲ್ಲಾದರೂ ನಾಲ್ಕು ಮನೆ ಹುಡುಕಿದರೆ ಇಂಥದ್ದೊಂದು ಡಿಸ್ಚಾರ್ಜ್ ಕಾರ್ಡು ಸಿಕ್ಕೇ ಸಿಗುತ್ತದೆ. ಎಡ ತೊಡೆಯ ಮೂಳೆ ಮುರಿದಿದೆ, ಮನೆಯಲ್ಲಿ ಜಾರಿ ಬಿದ್ದಿದ್ದಾರೆ, ರಾಡ್ ಹಾಕಿದ್ದಾರೆ. ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಕಾಲಿಟ್ಟು ಜಾರಿದವರ ಕಾರ್ಡಾದರೆ ಇಷ್ಟು ಸಾಕು. ಆದರೆ ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಶನ್ ಆಗಿದ್ದು, ಎರಡು ತಿಂಗಳಿಂದ ತೊಡೆ ನೋವು ಎಂದು ರಾತ್ರಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದವರ ಕಾರ್ಡಿನಲ್ಲೂ ಇದೇ ಮೂರು ಮಾತಿದ್ದರೆ, ಹೇಳಬೇಕಾದ ಮುಖ್ಯ ವಿಷಯವೇ ಅದರಲ್ಲಿ ಬಿಟ್ಟುಹೋಗಿದೆ.

ನನ್ನ ಕೆಲಸ ಮೆಡಿಕಲ್ ಕೋಡಿಂಗ್. ಶಿರಸಿಯ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟು ಓದಿ, ವೈದ್ಯರು ಬರೆದ ಪ್ರತಿ ಕಾಯಿಲೆಗೂ ಪ್ರತಿ ಚಿಕಿತ್ಸೆಗೂ ಅದರದೇ ಕೋಡ್ ಹಾಕುವುದು. ಜಿಲ್ಲೆಯ ಕಾಲೇಜುಗಳಲ್ಲಿ ಬಿಎಸ್ಸಿ, ಬಿ.ಫಾರ್ಮಾ, ನರ್ಸಿಂಗ್ ಓದಿದ ಎಷ್ಟೋ ಹುಡುಗ ಹುಡುಗಿಯರು ಈ ಕೆಲಸಕ್ಕೆಂದು ಬೆಂಗಳೂರು, ಹೈದರಾಬಾದ್, ಚೆನ್ನೈ ಸೇರಿದ್ದಾರೆ. ಅಲ್ಲಿನ ಚಾರ್ಟಿನಲ್ಲಿ ಕ್ಯಾನ್ಸರ್‌ನಿಂದ ಮುರಿದ ಮೂಳೆಗೂ ಪೆಟ್ಟಿನಿಂದ ಮುರಿದ ಮೂಳೆಗೂ ಕೋಡಿನ ಅಧ್ಯಾಯವೇ ಬೇರೆ. ಯಾವುದು ಎಂದು ವೈದ್ಯರು ಸ್ಪಷ್ಟವಾಗಿ ಬರೆಯದಿದ್ದರೆ ಚಾರ್ಟು ವಾಪಸ್ ಅವರ ಬಳಿಗೇ ಹೋಗುತ್ತದೆ. ನಮ್ಮೂರಿನ ಕಾಗದ ಹಾಗೆ ವಾಪಸ್ ಹೋಗುವುದಿಲ್ಲ. ಅದನ್ನು ಯಾರೂ ಪ್ರಶ್ನಿಸದೇ ಇರುವುದರಿಂದ ರೋಗಿಗೆ ಏನೇನು ತಪ್ಪಿಹೋಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಮೊದಲು ಮೂಳೆಯ ಕತೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಈ ಐದರಲ್ಲಿ ಹುಟ್ಟಿದ ಕ್ಯಾನ್ಸರ್ ಮೂಳೆಗೆ ಹರಡುವುದು ಹೆಚ್ಚು. ಬೆನ್ನುಮೂಳೆ, ಸೊಂಟದ ಮೂಳೆ, ತೊಡೆಮೂಳೆಯ ಮೇಲ್ಭಾಗ, ಪಕ್ಕೆಲುಬು, ತೋಳಿನ ಮೂಳೆಯ ಮೇಲ್ಭಾಗ ಅದು ಸಾಮಾನ್ಯವಾಗಿ ನೆಲೆ ಮಾಡುವ ಜಾಗಗಳು. ಮೂತ್ರಪಿಂಡ, ಥೈರಾಯ್ಡ್‌ಗಳಿಂದ ಬಂದದ್ದು ಮೂಳೆಯನ್ನು ಕರಗಿಸುತ್ತಾ ಹೋಗುತ್ತದೆ, ಎಕ್ಸ್‌ರೇಯಲ್ಲಿ ಕಪ್ಪು ತೂತಿನಂತೆ ಕಾಣುತ್ತದೆ. ಪ್ರಾಸ್ಟೇಟ್‌ನಿಂದ ಬಂದದ್ದು ಹೆಚ್ಚಾಗಿ ಮೂಳೆಯನ್ನು ಬಿಳಿಯಾಗಿ ಗಟ್ಟಿ ಕಾಣಿಸುತ್ತದೆ, ಆದರೆ ಆ ಗಟ್ಟಿತನ ನಂಬುವಂಥದ್ದಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಎರಡೂ ಬಗೆ ಉಂಟು. ಮಲ್ಟಿಪಲ್ ಮೈಲೋಮಾ ಹೊರಗಿನಿಂದ ಹರಡಿ ಬರುವುದಲ್ಲ, ಮೂಳೆಯ ಮಜ್ಜೆಯಲ್ಲೇ ಹುಟ್ಟುವ ಕ್ಯಾನ್ಸರ್. ಸೊಂಟ ನೋವು, ವಯಸ್ಸಾಯಿತು ಎಂದು ಮುಲಾಮು ಹಚ್ಚಿಕೊಂಡೇ ಕಾಲ ಕಳೆದವರಲ್ಲಿ ಇದು ಬೆನ್ನುಮೂಳೆಯ ಬಿರುಕಾಗಿ ಮೊದಲು ಗೊತ್ತಾಗುವುದುಂಟು.

ಗೆದ್ದಲು ಹಿಡಿದ ಪಕಾಸಿ ಹೊರಗಿನಿಂದ ಸರಿಯಾಗೇ ಕಾಣುತ್ತಾ ಒಂದು ದಿನ ಹೆಂಚಿನ ಭಾರಕ್ಕೇ ಮುರಿಯುತ್ತದಲ್ಲ, ಈ ಮೂಳೆಯೂ ಹಾಗೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಬಸ್ಸಿನ ಮೆಟ್ಟಿಲು ಹತ್ತುವಾಗ, ಬಚ್ಚಲಲ್ಲಿ ಕೊಡ ಎತ್ತುವಾಗ ಮುರಿಯಬಹುದು. ರೋಗದಿಂದ ಮೊದಲೇ ದುರ್ಬಲವಾದ ಮೂಳೆ ಹೀಗೆ ಅಲ್ಪ ಒತ್ತಡಕ್ಕೆ ಮುರಿಯುವುದಕ್ಕೇ ಪೆಥಾಲಾಜಿಕಲ್ ಫ್ರ್ಯಾಕ್ಚರ್ ಎನ್ನುತ್ತಾರೆ. ಹೀಗಾದವರು ಹೇಳುವ ಮಾತನ್ನು ಗಮನವಿಟ್ಟು ಕೇಳಬೇಕು. "ಕಾಲು ಊರಿದೆ, ಒಳಗೆ ಲಟಕ್ ಅಂತು, ಆಮೇಲೆ ಬಿದ್ದೆ" ಎನ್ನುತ್ತಾರೆ. ಮೂಳೆ ಮೊದಲು ಮುರಿದು ಮನುಷ್ಯ ಆಮೇಲೆ ಬಿದ್ದಿರುತ್ತಾನೆ. ಕ್ಯಾಶುವಾಲ್ಟಿಯಲ್ಲಿ ಅವಸರದಲ್ಲಿ ಬರೆದುಕೊಳ್ಳುವವರು ಅದನ್ನು "ಸ್ಲಿಪ್ ಅಂಡ್ ಫಾಲ್" ಮಾಡುತ್ತಾರೆ. ಆ ಮಾತು ಅಲ್ಲಿಂದ ಕೇಸ್‌ಶೀಟಿಗೆ, ಕೇಸ್‌ಶೀಟಿನಿಂದ ಡಿಸ್ಚಾರ್ಜ್ ಕಾರ್ಡಿಗೆ, ಅಲ್ಲಿಂದ ವಿಮೆಯ ಅರ್ಜಿಗೆ ನಕಲಾಗುತ್ತಾ ಹೋಗುತ್ತದೆ. ಕಾರಣ ಮತ್ತು ಪರಿಣಾಮ ಅದಲುಬದಲಾದದ್ದನ್ನು ಆಮೇಲೆ ಯಾರೂ ನೋಡುವುದಿಲ್ಲ.

ಈಗ ಕೋಡಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿ, ಅಂದರೆ ಐಸಿಡಿ-10, 1990ರಲ್ಲಿ ಒಪ್ಪಿಗೆಯಾಗಿ 1994ರಿಂದ ಬಳಕೆಗೆ ಬಂತು. ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಯಾಗಿದ್ದರೂ ನಮ್ಮ ಆಸ್ಪತ್ರೆಗಳ ಕಾಗದಪತ್ರದಲ್ಲಿ ಇನ್ನೂ ಹೆಚ್ಚಾಗಿ ಕಾಣುವುದು ಹತ್ತನೆಯದೇ. ಅದರಲ್ಲಿ ಪೆಟ್ಟಿನಿಂದ ಮುರಿದ ತೊಡೆಮೂಳೆಗೆ ಎಸ್72 ಎಂಬ ಗುಂಪಿದೆ. ಜೊತೆಗೆ ಪೆಟ್ಟು ಹೇಗಾಯಿತು ಎಂಬುದಕ್ಕೆ ಡಬ್ಲ್ಯೂ01, ಡಬ್ಲ್ಯೂ19 ಮುಂತಾದವು. ಕ್ಯಾನ್ಸರ್‌ನಿಂದ ಮುರಿದರೆ ಈ ಎರಡೂ ಗುಂಪಿಗೆ ಕೈ ಹಾಕುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಮೂಲ ರೋಗದ ಕೋಡಿಗೆ ಕಠಾರಿಯ ಗುರುತು, ಅದರಿಂದಾದ ತೊಂದರೆಯ ಕೋಡಿಗೆ ನಕ್ಷತ್ರದ ಗುರುತು ಹಾಕಿ ಜೋಡಿಯಾಗಿ ಬರೆಯುತ್ತಾರೆ. ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಸಿ79.5, ಅದರಿಂದಾದ ಮುರಿತಕ್ಕೆ ಎಂ90.7. ನಕ್ಷತ್ರದ ಕೋಡ್ ಯಾವತ್ತೂ ಒಂಟಿಯಾಗಿ ನಿಲ್ಲುವಂತಿಲ್ಲ. ಮುರಿತವನ್ನು ಬರೆದವರು ಅದರ ಹಿಂದಿನ ರೋಗವನ್ನೂ ಬರೆಯಲೇಬೇಕಾದ ಕಟ್ಟುಪಾಡು ಪುಸ್ತಕದಲ್ಲೇ ಇದೆ.

ಅಮೆರಿಕ 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವುದು ಇದೇ ಪುಸ್ತಕವನ್ನು ತನಗೆ ಬೇಕಾದಂತೆ ಹಿಗ್ಗಿಸಿಕೊಂಡ ಆವೃತ್ತಿ, ಐಸಿಡಿ-10-ಸಿಎಂ. ಅಲ್ಲಿ ಎಂ90.7ರ ಬದಲು ಎಂ84.5 ಎಂಬ ಗುಂಪು. ಯಾವ ಮೂಳೆ, ಎಡವೋ ಬಲವೋ, ಚಿಕಿತ್ಸೆ ಯಾವ ಹಂತದಲ್ಲಿದೆ ಎಂಬುದೆಲ್ಲ ಅದರ ಮುಂದಿನ ಅಂಕೆ ಅಕ್ಷರಗಳಲ್ಲಿ ಸೇರಿರುತ್ತದೆ. ಎಡ ತೊಡೆಮೂಳೆ, ಚಿಕಿತ್ಸೆ ನಡೆಯುತ್ತಿದೆ ಎಂದಾದರೆ ಎಂ84.552ಎ. ಕೊನೆಯ ಆ 'ಎ' ಅಕ್ಷರದಲ್ಲಿ ಹೊಸಬರು ಎಡವುತ್ತಾರೆ. ಮೊದಲ ಸಲ ಆಸ್ಪತ್ರೆಗೆ ಬಂದಾಗ ಮಾತ್ರ 'ಎ' ಎಂದುಕೊಳ್ಳುತ್ತಾರೆ. ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲವೂ ಅದು 'ಎ'ಯೇ, ಆಸ್ಪತ್ರೆ ಬದಲಾದರೂ ಸರ್ಜನ್ ಬದಲಾದರೂ. ನಮ್ಮ ಕಡೆಯ ಉದಾಹರಣೆ ಕೊಟ್ಟರೆ, ಕುಮಟಾದಲ್ಲಿ ಎಕ್ಸ್‌ರೇ ತೆಗೆದು ಕಾಲಿಗೆ ಸ್ಪ್ಲಿಂಟ್ ಕಟ್ಟಿದ ದಿನವೂ 'ಎ', ಮರುದಿನ ಹುಬ್ಬಳ್ಳಿಯಲ್ಲಿ ರಾಡ್ ಹಾಕಿದ ದಿನವೂ 'ಎ'. ಮೂಳೆ ಕೂಡುತ್ತಿದೆಯೇ ಎಂದು ನೋಡಲು ಹೋಗುವ ಫಾಲೋಅಪ್‌ನಿಂದ 'ಡಿ'. ಕೂಡುವುದು ತಡವಾದರೆ 'ಜಿ', ಕೂಡದೇ ಹೋದರೆ 'ಕೆ', ವಕ್ರವಾಗಿ ಕೂಡಿದರೆ 'ಪಿ'.

ಯಾವುದನ್ನು ಮೊದಲು ಬರೆಯಬೇಕು ಎಂಬುದು ಇದಕ್ಕಿಂತ ಮಹತ್ವದ ಪ್ರಶ್ನೆ. ಅಮೆರಿಕದ ನಿಯಮ ಇಲ್ಲಿ ಸ್ಪಷ್ಟ. ಆ ಸಲದ ಭೇಟಿಯಲ್ಲಿ ಚಿಕಿತ್ಸೆಯ ಗಮನ ಮುರಿತದ ಮೇಲಿದ್ದರೆ ಎಂ84.5 ಮೊದಲು, ಕ್ಯಾನ್ಸರ್ ಆಮೇಲೆ. ಗಮನ ಕ್ಯಾನ್ಸರ್ ಮೇಲಿದ್ದು ಮುರಿತ ಜೊತೆಗಿದ್ದರೆ ಕ್ಯಾನ್ಸರ್ ಮೊದಲು. ಬರೀ ರೇಡಿಯೇಶನ್‌ಗೆಂದೇ ದಾಖಲಾದರೆ ಅದಕ್ಕಿರುವ ಝಡ್51.0 ಎಲ್ಲಕ್ಕಿಂತ ಮುಂದೆ. ಒಬ್ಬರೇ ರೋಗಿ, ಒಂದೇ ಮೂಳೆ. ಆದರೂ ಯಾಕೆ ಬಂದರು ಎಂಬುದರ ಮೇಲೆ ಸಾಲು ಹಿಂದೆ ಮುಂದೆ ಆಗುತ್ತದೆ. ಮೈಲೋಮಾ ಇದ್ದವರಿಗೆ ಸಿ79.5ರ ಪ್ರಶ್ನೆಯೇ ಬರುವುದಿಲ್ಲ, ಸಿ90.0 ಹಾಕಿ ಮುರಿತ ಸೇರಿಸಬೇಕು. ಅದು ಹರಡಿ ಬಂದ ರೋಗವಲ್ಲವಲ್ಲ.

ಇಷ್ಟು ಓದಿದವರಿಗೆ, ಕ್ಯಾನ್ಸರ್ ಇದ್ದವರ ಮೂಳೆ ಮುರಿದರೆ ಕಣ್ಣುಮುಚ್ಚಿ ಈ ಕೋಡ್ ಹಾಕಬಹುದು ಎನ್ನಿಸಬಹುದು. ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಸ್ತನ ಕ್ಯಾನ್ಸರ್ ಆಪರೇಶನ್ ಆದ ಮಹಿಳೆಯರಿಗೆ ಐದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಕೊಡುವ ಲೆಟ್ರೋಜೋಲ್ ಮಾತ್ರೆ ಮೂಳೆಯ ಸಾಂದ್ರತೆ ಇಳಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಹಾರ್ಮೋನ್ ಇಂಜೆಕ್ಷನ್‌ಗಳೂ ಅಷ್ಟೇ. ಅಂಥವರ ಬೆನ್ನುಮೂಳೆ ಕುಸಿದರೆ ಅದು ಕ್ಯಾನ್ಸರ್ ಹರಡಿದ್ದಲ್ಲದೆ ಬರೀ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ತೊಂದರೆ ಆಗಿರಬಹುದು, ಅದರ ಕೋಡ್ ಗುಂಪು ಎಂ80. ಹಿಂದೆ ರೇಡಿಯೇಶನ್ ಕೊಟ್ಟ ಜಾಗದ ಮೂಳೆ ವರ್ಷಗಳ ನಂತರ ಬಿರುಕು ಬಿಡುವುದುಂಟು. ಮೂಳೆ ಗಟ್ಟಿಯಾಗಲೆಂದು ಕೊಡುವ ಜೊಲೆಡ್ರೊನಿಕ್ ಆಸಿಡ್, ಡೆನೊಸುಮ್ಯಾಬ್ ಇಂಜೆಕ್ಷನ್‌ಗಳನ್ನು ಬಹಳ ಕಾಲ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಮೂಳೆ ಬೇರೆಯೇ ರೀತಿಯಲ್ಲಿ ಅಡ್ಡಕ್ಕೆ ಮುರಿಯುವುದೂ ಇದೆ. ಕ್ಯಾನ್ಸರ್ ಗುಣವಾದವರು ಬೈಕಿನಿಂದ ಬಿದ್ದೂ ಕಾಲು ಮುರಿದುಕೊಳ್ಳಬಹುದು. ಐದೂ ಕಡೆ ಚಿಕಿತ್ಸೆ ಬೇರೆ, ಮುಂದಿನ ದಾರಿ ಬೇರೆ. ಹೀಗಿರುವಾಗ ಕ್ಯಾನ್ಸರ್ ಎಂಬ ಪದ ಒಂದು ಪುಟದಲ್ಲೂ ಮುರಿತ ಎಂಬ ಪದ ಇನ್ನೊಂದು ಪುಟದಲ್ಲೂ ಕಂಡಿತೆಂದು ಕೋಡರ್ ತಾನೇ ಗಂಟು ಹಾಕುವಂತಿಲ್ಲ. "ಇದರಿಂದಾಗಿ ಇದು" ಎಂದು ಹೇಳುವ ಅಧಿಕಾರ ವೈದ್ಯರದ್ದು. ಕೋಡರ್ ಕೇಳಬಹುದು, ಕೇಳಲೇಬೇಕು, ಊಹಿಸುವಂತಿಲ್ಲ.

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ಅಂಕೋಲಾ ಕಡೆಯ ಅರವತ್ತೆರಡರ ಒಬ್ಬ ಮಹಿಳೆ. 2018ರಲ್ಲಿ ಹುಬ್ಬಳ್ಳಿಯಲ್ಲಿ ಸ್ತನ ಕ್ಯಾನ್ಸರ್ ಆಪರೇಶನ್ ಆಗಿದೆ. ಈಗ ಎಡ ತೊಡೆ ಮುರಿದು ಊರಿಗೆ ಹತ್ತಿರದ ಆಸ್ಪತ್ರೆಗೆ ಬಂದರು. ಎಕ್ಸ್‌ರೇಯಲ್ಲಿ ಮುರಿದ ಜಾಗದಲ್ಲೇ ಮೂಳೆ ಕರಗಿದ ಗುರುತಿದೆ. ಆದರೆ ಮನೆಯವರು ಹಳೆಯ ಫೈಲು ತಂದಿಲ್ಲ, ಕಾರ್ಡಿನಲ್ಲಿ ಈ ಲೇಖನದ ಆರಂಭದ ಮೂರು ಮಾತು ಬಂತು. ಸಾಮಾನ್ಯ ಮುರಿತ ಎಂದುಕೊಂಡರೆ ಸರ್ಜನ್ ಗಿಡ್ಡ ರಾಡ್ ಹಾಕಿಯಾರು. ಹರಡಿದ ಕ್ಯಾನ್ಸರ್ ಎಂದು ಗೊತ್ತಿದ್ದರೆ ಇಡೀ ತೊಡೆಮೂಳೆಯ ಚಿತ್ರ ತೆಗೆಸುತ್ತಾರೆ, ಕೆಳಗೆ ಇನ್ನೊಂದು ಕಡೆ ಸವೆದಿದೆಯೇ ನೋಡುತ್ತಾರೆ, ಉದ್ದದ ರಾಡ್ ಆರಿಸುತ್ತಾರೆ. ರಾಡ್ ಕೂರಿಸುವಾಗ ಒಳಗಿನಿಂದ ಕೆರೆದು ತೆಗೆದ ಚೂರನ್ನು ಫಾರ್ಮಲಿನ್‌ಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಒಂದೇ ಕಡೆ ಗಡ್ಡೆಯಿದ್ದು, ಎಲ್ಲಿಂದ ಬಂತೆಂದು ಗೊತ್ತಿಲ್ಲದಿದ್ದರೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗುವವರೆಗೆ ರಾಡ್ ಹಾಕುವುದೇ ಇಲ್ಲ. ಅದು ಮೂಳೆಯಲ್ಲೇ ಹುಟ್ಟಿದ ಸಾರ್ಕೋಮಾ ಆಗಿದ್ದರೆ ರಾಡು ಅದನ್ನು ಮೂಳೆಯ ಉದ್ದಕ್ಕೂ ಹರಡಿಸಿಬಿಡುತ್ತದೆ.

ಆಪರೇಶನ್ ನಂತರದ ಕತೆ ಇನ್ನೂ ಗಂಭೀರ. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ, ಆ ಜಾಗಕ್ಕೆ ರೇಡಿಯೇಶನ್ ಬೇಕು. ಇಲ್ಲದಿದ್ದರೆ ರಾಡಿನ ಸುತ್ತ ಕ್ಯಾನ್ಸರ್ ಬೆಳೆಯುತ್ತಲೇ ಹೋಗಿ ಹಿಡಿತ ಸಡಿಲವಾಗುತ್ತದೆ. ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್ ಬೇಕು, ಅದಕ್ಕೂ ಮೊದಲು ಹಲ್ಲಿನ ತಪಾಸಣೆ ಬೇಕು, ಯಾಕೆಂದರೆ ಆ ಔಷಧಿಯಿಂದ ದವಡೆಯ ಮೂಳೆಗೆ ತೊಂದರೆಯಾಗುವುದುಂಟು. ರಕ್ತದ ಕ್ಯಾಲ್ಸಿಯಂ ನೋಡಬೇಕು. ಮೂಲ ಕ್ಯಾನ್ಸರ್‌ನ ಔಷಧಿ ಬದಲಾಗಬೇಕು. "ಸ್ಲಿಪ್ ಅಂಡ್ ಫಾಲ್" ಎಂದು ಬರೆದ ಕಾರ್ಡಿನ ಕೊನೆಯಲ್ಲಿ ಇದ್ಯಾವುದೂ ಇರುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ, ನೋವಿನ ಮಾತ್ರೆ, ಆರು ವಾರ ಬಿಟ್ಟು ಬನ್ನಿ, ಅಷ್ಟೇ. ಕಾಲು ಇನ್ನೂ ನೋಯುತ್ತಿದ್ದರೆ ಮೂಳೆ ಕೂಡಲು ಸಮಯ ಬೇಕೆಂದು ಮನೆಯವರು ಸಮಾಧಾನ ಮಾಡಿಕೊಂಡು ಎಣ್ಣೆ ಹಚ್ಚಿ ನೀವಿಸುತ್ತಾರೆ. ಕರಗಿದ ಮೂಳೆಯ ಮೇಲೆ ಆ ನೀವುವಿಕೆಯೇ ಅಪಾಯ.

ನಮ್ಮ ಜಿಲ್ಲೆಯಲ್ಲಿ ಈ ಕಾಗದದ ತೂಕ ಬೇರೆ ಕಡೆಗಿಂತ ಹೆಚ್ಚು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಶಿರಸಿ, ಕುಮಟಾ, ಹೊನ್ನಾವರಗಳಲ್ಲಿ ಆಸ್ಪತ್ರೆಗಳಿವೆ. ಆದರೂ ಕ್ಯಾನ್ಸರ್ ಎಂದರೆ ಹೆಚ್ಚಿನವರು ಜಿಲ್ಲೆಯ ಗಡಿ ದಾಟಬೇಕಾಗುತ್ತದೆ. ಕಾರವಾರದವರು ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೊನೆಗೆ ಎಲ್ಲರೂ ಬೆಂಗಳೂರಿನ ಕಿದ್ವಾಯಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ಜನ ಸತ್ತಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಕರಾವಳಿಯುದ್ದಕ್ಕೂ ಎದ್ದಿತ್ತು. ಆ ಬೇಡಿಕೆ ನ್ಯಾಯದ್ದು. ಅದು ಈಡೇರುವವರೆಗೂ ರೋಗಿ ಒಂದು ಕಡೆ ಆಪರೇಶನ್, ಒಂದು ಕಡೆ ಕೀಮೋ, ಇನ್ನೊಂದು ಕಡೆ ರಾಡ್ ಎಂದು ಅಲೆಯುತ್ತಾನೆ. ಈ ವೈದ್ಯರು ಪರಸ್ಪರ ಮಾತಾಡಿಕೊಳ್ಳುವುದು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಆ ಕಾರ್ಡಿನ ಮೂಲಕ ಮಾತ್ರ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಹದಿನಾಲ್ಕು ಅಂಕೆಯ ಆಭಾ ಸಂಖ್ಯೆ ಈ ಅಲೆದಾಟದ ದಾಖಲೆಗಳನ್ನು ಒಂದೆಡೆ ಸೇರಿಸಬಲ್ಲದು. ಆದರೆ ಕಾಗದದಲ್ಲಿ ಇಲ್ಲದ ಮಾತು ಕಂಪ್ಯೂಟರಿಗೆ ಎಲ್ಲಿಂದ ಬರಬೇಕು?

ವೈದ್ಯರು ಬರೆಯದಿರುವುದಕ್ಕೆ ಅವಸರವೊಂದೇ ಕಾರಣವಲ್ಲ. ವಾರ್ಡಿನ ಬಾಗಿಲಲ್ಲಿ ಮಗ ವೈದ್ಯರನ್ನು ತಡೆದು ನಿಲ್ಲಿಸುತ್ತಾನೆ. "ಡಾಕ್ಟ್ರೇ, ಆಯಿಗೆ ಮತ್ತೆ ಕ್ಯಾನ್ಸರ್ ಬಂದದ್ದು ಗೊತ್ತಾಗೋದು ಬೇಡ. ಕಾರ್ಡಲ್ಲಿ ಬರೀಬೇಡಿ, ಅವ್ರು ಓದ್ತಾರೆ." ಆ ಮಗನ ಸಂಕಟ ಅರ್ಥವಾಗದವರು ಯಾರೂ ಇಲ್ಲ. ಆದರೂ ಕಾರ್ಡಿನಿಂದ ಆ ಪದ ತೆಗೆದುಹಾಕುವುದು ಮುಂದಿನ ವೈದ್ಯರ ಕಣ್ಣು ಕಟ್ಟಿದ ಹಾಗೆಯೇ. ಆಯಿಗೆ ಹೇಗೆ, ಎಷ್ಟು, ಯಾವಾಗ ಹೇಳಬೇಕು ಎಂಬುದು ಕೂತು ಮಾತಾಡಬೇಕಾದ ವಿಷಯ. ದಾಖಲೆಯನ್ನು ಖಾಲಿ ಬಿಡುವುದು ಅದಕ್ಕೆ ಪರಿಹಾರವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಆಯಿ ತನ್ನ ಕಾಯಿಲೆಯನ್ನು ತಿಳಿಯುವ ಹಕ್ಕುಳ್ಳವರು ಕೂಡ.

ಇನ್ನೊಂದು ಒತ್ತಡ ದುಡ್ಡಿನದು. ಖಾಸಗಿ ಆರೋಗ್ಯ ವಿಮೆಯ ಕ್ಲೇಮ್ ಅರ್ಜಿಯ ಎರಡನೇ ಭಾಗವನ್ನು ಆಸ್ಪತ್ರೆ ತುಂಬಬೇಕು. ಮುಖ್ಯ ರೋಗನಿರ್ಣಯಕ್ಕೂ ಹೆಚ್ಚುವರಿ ರೋಗನಿರ್ಣಯಕ್ಕೂ ಐಸಿಡಿ-10 ಕೋಡ್ ಬರೆಯುವ ಜಾಗ ಅದರಲ್ಲಿದೆ. ಅಲ್ಲಿ ಕ್ಯಾನ್ಸರ್ ಬರೆದರೆ ಹಳೆಯ ಕಾಯಿಲೆ ಎಂದು ಕ್ಲೇಮ್ ತಳ್ಳಿಹಾಕುತ್ತಾರೆ ಎಂಬ ಹೆದರಿಕೆಗೆ, ಬರೀ ಫ್ರ್ಯಾಕ್ಚರ್ ಎನ್ನಿ ಎಂದು ಮನೆಯವರು ಕೇಳುತ್ತಾರೆ. ಇದು ಹೆಚ್ಚಾಗಿ ತಿರುಗಿ ಬೀಳುವ ಲೆಕ್ಕಾಚಾರ. ವಿಮಾ ಕಂಪನಿ ಎಕ್ಸ್‌ರೇ, ಆಪರೇಶನ್ ನೋಟ್ಸ್, ಹಳೆಯ ದಾಖಲೆ ಕೇಳಿದಾಗ ಎಲ್ಲ ಹೊರಬರುತ್ತದೆ, ಮುಚ್ಚಿಟ್ಟ ಆರೋಪವೂ ಅಂಟಿಕೊಳ್ಳುತ್ತದೆ. ಸರಿಯಾದ ದಾರಿ ಪಾಲಿಸಿಯ ನಿಯಮವನ್ನೇ ಹಿಡಿದು ಕೇಳುವುದು. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು ಮಾತ್ರ, ಹಿಂದೆ 48 ಇತ್ತು. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಆಪರೇಶನ್ ಆಗಿ ಆರು ವರ್ಷ ಕಳೆದ, ಪಾಲಿಸಿ ಬಿಡದೆ ಕಟ್ಟಿದ ಅನೇಕರು ಈ ಎರಡೂ ಗಡಿ ದಾಟಿರುತ್ತಾರೆ.

ಅಪಘಾತ ವಿಮೆಯ ಸಂಗತಿ ಬೇರೆ. ನಮ್ಮ ಕರಾವಳಿಯಲ್ಲಿ ಮೀನುಗಾರರಿಗೆ ಮತ್ಸ್ಯ ಸಂಪದ ಯೋಜನೆಯಡಿ ಗುಂಪು ಅಪಘಾತ ವಿಮೆಯಿದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಶಾಶ್ವತ ಭಾಗಶಃ ವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರ ರೂಪಾಯಿ. ವಿಮೆಯ ವ್ಯಾಖ್ಯೆಯಲ್ಲಿ ಅಪಘಾತವೆಂದರೆ ಹೊರಗಿನ, ಕಣ್ಣಿಗೆ ಕಾಣುವ, ಬಲವಾದ ಕಾರಣದಿಂದ ಅನಿರೀಕ್ಷಿತವಾಗಿ ಆದದ್ದು. ಬಲೆ ಎಳೆಯುವಾಗ ತೋಳು ಮುರಿದ, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ ಮೀನುಗಾರನದ್ದು ಅಪಘಾತವೋ ರೋಗವೋ? ದೋಣಿ ಅಲೆಗೆ ಸಿಕ್ಕಿ ಕಟ್ಟೆಗೆ ಅಪ್ಪಳಿಸಿ ಬಿದ್ದಿದ್ದರೆ ಆರೋಗ್ಯವಂತನ ಮೂಳೆಯೂ ಮುರಿಯುತ್ತಿತ್ತು. ಬರೀ ಹಗ್ಗ ಎತ್ತಿದ್ದಕ್ಕೆ ಮುರಿದಿದ್ದರೆ ಮಾತು ಬೇರೆ. ಹೇಗೆ ಆಯಿತು, ಎಷ್ಟು ಬಲದ ಪೆಟ್ಟು, ಮೊದಲು ನೋವಿತ್ತೇ ಎಂಬ ಮೂರು ಸಂಗತಿ ಕಾಗದದಲ್ಲಿದ್ದರೆ ಎರಡೂ ಕಡೆಗೆ ನ್ಯಾಯವಾದ ಉತ್ತರ ಸಿಗುತ್ತದೆ. "ಫಾಲ್" ಎಂಬ ಒಂದು ಪದದಿಂದ ಸಿಗದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಇಲ್ಲದಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮೂಳೆ ಮುರಿತದ ಪ್ಯಾಕೇಜು ಒಂದು, ರೇಡಿಯೇಶನ್‌ನದ್ದು ಇನ್ನೊಂದು. ಎರಡನೆಯದಕ್ಕೆ ಬಯಾಪ್ಸಿ ವರದಿ ಕೇಳುತ್ತಾರೆ. ಆಪರೇಶನ್ ದಿನ ಮೂಳೆಯ ಚೂರು ಲ್ಯಾಬಿಗೆ ಹೋಗದಿದ್ದರೆ, ರೆಫರಲ್ ಚೀಟಿಯಲ್ಲಿ ಕಾರಣ ಇಲ್ಲದಿದ್ದರೆ, ರೇಡಿಯೇಶನ್ ಕೌಂಟರಿನಿಂದ ವಾಪಸ್ ಬಂದು ಮತ್ತೆ ಘಟ್ಟ ಇಳಿದು ಹತ್ತಬೇಕು.

ಮುರಿಯುವ ಮೊದಲೇ ಹಿಡಿಯುವ ಸಾಧ್ಯತೆಯೂ ಇದೆ. ಮೈರೆಲ್ಸ್ ಎಂಬವರು 1989ರಲ್ಲಿ ಪ್ರಕಟಿಸಿದ ಅಂಕ ಪದ್ಧತಿಯನ್ನು ಮೂಳೆ ವೈದ್ಯರು ಇಂದಿಗೂ ಬಳಸುತ್ತಾರೆ. ಜಾಗ, ನೋವು, ಮೂಳೆ ಕರಗಿದ ಬಗೆ, ಗಾತ್ರ ಈ ನಾಲ್ಕಕ್ಕೆ ಒಂದರಿಂದ ಮೂರು ಅಂಕ. ಒಟ್ಟು ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುರಿಯುವ ಮೊದಲೇ ರಾಡ್ ಹಾಕುವುದು ಲೇಸು, ಏಳು ಅಥವಾ ಕಡಿಮೆ ಇದ್ದರೆ ರೇಡಿಯೇಶನ್ ಮಾಡಿ ಕಾಯಬಹುದು. ತೊಡೆಯ ಮೇಲ್ಭಾಗದಲ್ಲಿ, ಕಾಲೂರಿದರೆ ನೋವು, ಕರಗಿದ ಬಗೆಯ ಗಡ್ಡೆ, ಮೂಳೆಯ ಅಗಲದ ಅರ್ಧದಷ್ಟು ಎಂದಾದರೆ ಹನ್ನೊಂದು ಅಂಕ. ಇಂಥ ಮುರಿಯದ ಮೂಳೆಗೆ ಮುರಿತದ ಕೋಡ್ ಹಾಕುವಂತಿಲ್ಲ. ಮುರಿತ ಆಗಿಲ್ಲವಾದ್ದರಿಂದ ಹರಡಿದ ಕ್ಯಾನ್ಸರ್‌ನ ಕೋಡ್ ಮಾತ್ರ ನಿಲ್ಲುತ್ತದೆ. ಹಾಗಾಗಿ ಅಂಕ ಎಷ್ಟು ಬಂತು, ರಾಡ್ ಯಾಕೆ ಹಾಕಿದರು ಎಂಬ ವಿವರ ಆಪರೇಶನ್ ನೋಟ್ಸಿನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಮುರಿಯದ ಕಾಲಿಗೆ ರಾಡೇಕೆ ಎಂಬ ಪ್ರಶ್ನೆ ವಿಮೆಯವರಿಂದ ಬಂದೇ ಬರುತ್ತದೆ.

ಕೊನೆಯ ಕಾಗದ ಸಾವಿನದು. ಆಸ್ಪತ್ರೆಯಲ್ಲಿ ಸತ್ತವರ ಕಾರಣವನ್ನು ನಮೂನೆ 4ರಲ್ಲಿ, ಮನೆಯಲ್ಲಿ ಸತ್ತವರದನ್ನು 4ಎಯಲ್ಲಿ ವೈದ್ಯರು ಬರೆಯುತ್ತಾರೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಆಸ್ಪತ್ರೆಗಳು ಈ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕೊಡುವುದನ್ನೂ ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡುವುದನ್ನೂ ಕಡ್ಡಾಯ ಮಾಡಿದೆ. ತಕ್ಷಣದ ಕಾರಣ ಮೇಲಿನ ಸಾಲಿನಲ್ಲಿ, ಅದಕ್ಕೆ ಕಾರಣವಾದದ್ದು ಕೆಳಗೆ, ಎಲ್ಲಕ್ಕೂ ಮೂಲ ಎಲ್ಲಕ್ಕಿಂತ ಕೆಳಗೆ. ನಮ್ಮ ಅಂಕೋಲಾದ ಮಹಿಳೆ ಹಾಸಿಗೆ ಹಿಡಿದು ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟಿ ತೀರಿಕೊಂಡರೆಂದುಕೊಳ್ಳಿ. ಮೇಲೆ ಪಲ್ಮನರಿ ಎಂಬಾಲಿಸಂ, ಅದರ ಕೆಳಗೆ ತೊಡೆಮೂಳೆಯ ಪೆಥಾಲಾಜಿಕಲ್ ಫ್ರ್ಯಾಕ್ಚರ್, ಎಲ್ಲಕ್ಕೂ ಕೆಳಗೆ ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್ ಎಂದು ಬರೆದರೆ ಲೆಕ್ಕದಲ್ಲಿ ಅದು ಸ್ತನ ಕ್ಯಾನ್ಸರ್ ಸಾವು, ಸಿ50. ಕೊನೆಯ ಸಾಲು ಬಿಟ್ಟು "ಜಾರಿ ಬಿದ್ದು ಮುರಿತ" ಎಂದರೆ ಅಪಘಾತದ ಸಾವು. ಅಪಘಾತವೆಂದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ), ಪೊಲೀಸ್ ಮಾಹಿತಿ, ಮರಣೋತ್ತರ ಪರೀಕ್ಷೆಯ ಪ್ರಶ್ನೆ ಕೂಡ ಎದ್ದೀತು. ದುಃಖದಲ್ಲಿರುವ ಮನೆಗೆ ಅದು ಬೇಕಿಲ್ಲದ ಹಿಂಸೆ.

ಕೈಗಾದಲ್ಲಿ 2000ದಲ್ಲಿ ಅಣುವಿದ್ಯುತ್ತಿನ ವಾಣಿಜ್ಯ ಉತ್ಪಾದನೆ ಶುರುವಾದಾಗಿನಿಂದ ಸುತ್ತಲ ಹಳ್ಳಿಗಳಲ್ಲಿ ಕ್ಯಾನ್ಸರ್ ಹೆಚ್ಚಿದೆಯೇ ಎಂಬ ಆತಂಕ ಈ ಜಿಲ್ಲೆಯಲ್ಲಿ ಪದೇಪದೇ ಮಾತಾಗುತ್ತದೆ. ಇದೆ ಎನ್ನುವವರೂ ಇಲ್ಲ ಎನ್ನುವವರೂ ನಿಲ್ಲಬೇಕಾದದ್ದು ಲೆಕ್ಕದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1981ರಲ್ಲಿ ಆರಂಭಿಸಿದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ನಡೆಯುವುದು ಆಸ್ಪತ್ರೆಗಳ ಫೈಲು ಮತ್ತು ಮರಣ ದಾಖಲೆಗಳನ್ನು ತಾಳೆ ಹಾಕುತ್ತಾ. ಮೂಳೆ ವಾರ್ಡಿನಲ್ಲಿ "ಫ್ರ್ಯಾಕ್ಚರ್" ಎಂದು ಮುಗಿದುಹೋದ ಪ್ರತಿ ಮೈಲೋಮಾ, ಪ್ರತಿ ಹರಡಿದ ಕ್ಯಾನ್ಸರ್ ಆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಹೊರ ಜಿಲ್ಲೆ, ಹೊರ ರಾಜ್ಯದಲ್ಲಿ ಚಿಕಿತ್ಸೆ ಪಡೆದವರ ವಿಳಾಸವಾಗಿ ಸಂಬಂಧಿಕರ ಬಾಡಿಗೆ ಮನೆ ನಮೂದಾಗಿದ್ದರೆ ಅದೂ ತಪ್ಪಿಹೋಯಿತು. ನಮ್ಮ ಜಿಲ್ಲೆಯ ಕ್ಯಾನ್ಸರ್ ಚರ್ಚೆಯಲ್ಲಿ ಧ್ವನಿ ಏರಿಸುವ ಪ್ರತಿಯೊಬ್ಬರೂ ಈ ದಾಖಲೆಯ ಪ್ರಶ್ನೆಯನ್ನು ಮೊದಲು ಎತ್ತಬೇಕು ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಬರೆಯಬೇಕಾದ ಸಾಲು ಉದ್ದವೇನಲ್ಲ. "ಪೆಥಾಲಾಜಿಕಲ್ ಫ್ರ್ಯಾಕ್ಚರ್, ಲೆಫ್ಟ್ ಫೀಮರ್ ಸಬ್‌ಟ್ರೊಕ್ಯಾಂಟರಿಕ್, ಡ್ಯೂ ಟು ಮೆಟಾಸ್ಟಾಸಿಸ್ ಫ್ರಮ್ ಕಾರ್ಸಿನೋಮಾ ಬ್ರೆಸ್ಟ್, ಆಪರೇಟೆಡ್ 2018, ಆನ್ ಲೆಟ್ರೋಜೋಲ್. ಲಾಂಗ್ ನೇಲ್. ಟಿಶ್ಯೂ ಸೆಂಟ್ ಫಾರ್ ಬಯಾಪ್ಸಿ. ರೆಫರ್ಡ್ ಫಾರ್ ರೇಡಿಯೇಶನ್." ಅಂದರೆ, 2018ರಲ್ಲಿ ಆಪರೇಶನ್ ಆದ, ಲೆಟ್ರೋಜೋಲ್ ತೆಗೆದುಕೊಳ್ಳುತ್ತಿರುವವರ ಸ್ತನ ಕ್ಯಾನ್ಸರ್ ಹರಡಿ ಎಡ ತೊಡೆಮೂಳೆಯ ಮೇಲ್ಭಾಗ ಮುರಿದಿದೆ, ಉದ್ದದ ರಾಡ್ ಹಾಕಿದ್ದಾರೆ, ಚೂರನ್ನು ಬಯಾಪ್ಸಿಗೆ ಕಳಿಸಿದ್ದಾರೆ, ರೇಡಿಯೇಶನ್‌ಗೆ ಕಳಿಸುತ್ತಿದ್ದಾರೆ. ಇನ್ನೂ ಖಚಿತವಾಗದಿದ್ದರೆ "ಸಸ್ಪೆಕ್ಟೆಡ್, ಬಯಾಪ್ಸಿ ಪೆಂಡಿಂಗ್" ಎಂದಾದರೂ ಇರಲಿ. ಅನುಮಾನವನ್ನು ಅನುಮಾನವೆಂದೇ ಬರೆಯುವುದು ಪ್ರಾಮಾಣಿಕ ದಾಖಲೆ.

ಮನೆಯವರ ಕೈಯಲ್ಲೂ ಕೆಲವು ಕೆಲಸಗಳಿವೆ. ಕ್ಯಾನ್ಸರ್ ಚಿಕಿತ್ಸೆ ಮುಗಿದು ಎಷ್ಟು ವರ್ಷವಾಗಿದ್ದರೂ ಬಯಾಪ್ಸಿ ವರದಿ ಮತ್ತು ಆಪರೇಶನ್ ಸಾರಾಂಶದ ಫೋಟೊ ಫೋನಿನಲ್ಲಿರಲಿ. ಮೂಳೆ ಮುರಿದು ಕ್ಯಾಶುವಾಲ್ಟಿಗೆ ಹೋದಾಗ ಮೊದಲ ಮಾತಾಗಿ ಅದನ್ನು ಹೇಳಿ, ಬೀಳುವ ಮೊದಲು ನೋವಿತ್ತೇ ಎಂಬುದನ್ನೂ ಹೇಳಿ. ಬೆನ್ನು ನೋವಿನ ಜೊತೆ ಕಾಲು ಶಕ್ತಿಗುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣವದು, ತಡವಾದರೆ ಕಾಲು ವಾಪಸ್ ಬರುವುದಿಲ್ಲ. ಡಿಸ್ಚಾರ್ಜ್ ಆಗುವಾಗ "ಮುರಿತಕ್ಕೆ ಕಾರಣ ಏನೆಂದು ಕಾರ್ಡಿನಲ್ಲಿ ಬರೆದಿದ್ದೀರಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಅಗೌರವವೇನಿಲ್ಲ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲೇ ಇದೆ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಒಂದು ಬಿಳಿ ಹಾಳೆಯ ಅರ್ಜಿ ಕೊಟ್ಟು, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಕಾರ್ಡಿನಲ್ಲಿ ಕಾರಣ ಬಿಟ್ಟುಹೋಗಿದ್ದರೆ, ಬಯಾಪ್ಸಿ ವರದಿ ಬಂದ ಮೇಲೆ ಅದನ್ನು ಸೇರಿಸಿ ತಿದ್ದಿದ ಸಾರಾಂಶ ಕೊಡಿ ಎಂದು ಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಬಹುದು. ಆ ತಿದ್ದುಪಡಿಯ ಕೆಳಗೆ ಅವರ ಸಹಿ ಮತ್ತು ದಿನಾಂಕ ಇರಬೇಕು, ಹಳೆಯ ಕಾರ್ಡೂ ಜೊತೆಗಿರಬೇಕು.